ಹಳಿಯಾಳ ಸೀಮೆಯ ಕರ್ನಲ್ ಮತ್ತು ಮೇಜರ್

ಕ್ಯಾಪ್ಟನ್ನನಿಗಿಂತ ಮೇಲೆ, ಲೆಫ್ಟೆನೆಂಟ್ ಕರ್ನಲ್ಲನಿಗಿಂತ ಕೆಳಗೆ ನಿಲ್ಲುವವನು ಮೇಜರ್. ಸೇನೆಯ ಏಣಿಯಲ್ಲಿ ಅದು ನಡುವಣ ಮೆಟ್ಟಿಲು. ಆ ಮೆಟ್ಟಿಲನ್ನೇರಲು ಒಬ್ಬನಿಗೆ ಇಪ್ಪತ್ತು ವರ್ಷ ಹಿಡಿಯಿತು, ಇನ್ನೊಬ್ಬನಿಗೆ ಆರೇ ವರ್ಷ. ಇಬ್ಬರ ಹೆಸರೂ ಹಳಿಯಾಳ ಸೀಮೆಯ ಚರಿತ್ರೆಯಲ್ಲಿ ಒಟ್ಟಿಗೆ ಬರುತ್ತವೆ.

ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕನ್ನಡ ಜಿಲ್ಲೆ ಕಂಪನಿಯ ವಶವಾಯಿತು. ಅದರ ಕಲೆಕ್ಟರನಾಗಿ ಬಂದವನು ಕ್ಯಾಪ್ಟನ್ ಥಾಮಸ್ ಮನ್ರೋ. ಘಟ್ಟದ ಮೇಲೆ, ಮರಾಠರ ಗಡಿಗೆ ಹತ್ತಿರವಿದ್ದ ಹಳಿಯಾಳವು ಎಂಥ ಆಯಕಟ್ಟಿನ ಠಾಣೆಯೆಂಬುದನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಅಂದಿನ ಕಾಗದಗಳಲ್ಲಿ ನೋಡಬಹುದು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನು ಇವನೇ.

ವೆಲ್ಲೆಸ್ಲಿ ಇಂಗ್ಲೆಂಡಿನ ರಾಜನ ಸೇನೆಯವನು. ಅಲ್ಲಿ ಹುದ್ದೆಗಳು ಬೆಲೆಗೆ ಸಿಗುತ್ತಿದ್ದವು. 1793ರ ಏಪ್ರಿಲಿನಲ್ಲಿ ಅವನು ಮೇಜರನಾದಾಗ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಮನ್ರೋ ಕಂಪನಿಯ ಸೇನೆಯವನು. ಅಲ್ಲಿ ಸರದಿಯೇ ಸರ್ವಸ್ವ. ಮೇಲಿನವನು ಸಾಯಬೇಕು, ಇಲ್ಲವೆ ಕೆಲಸ ಬಿಡಬೇಕು. 1780ರಲ್ಲಿ ಮದರಾಸಿನಲ್ಲಿ ಇಳಿದು, ಹೈದರನ ಮೇಲಿನ ಯುದ್ಧವನ್ನು ಕಂಡವನಿಗೆ ಮೇಜರ್ ಪದವಿ ಬಂದದ್ದು 1800ರ ಮೇ ತಿಂಗಳಲ್ಲಿ, ಮೂವತ್ತೊಂಬತ್ತರ ಹೊಸ್ತಿಲಲ್ಲಿ. ಅಷ್ಟರಲ್ಲಿ ತನಗಿಂತ ಎಂಟು ವರ್ಷ ಕಿರಿಯವನು ಕರ್ನಲ್! ಆದರೂ ಅವರ ಪತ್ರಗಳಲ್ಲಿ ಸ್ನೇಹವೇ ಎದ್ದು ಕಾಣುತ್ತದೆ.

ಆ ವರ್ಷ ಧೋಂಡಿಯಾ ವಾಘ್ ಉಭಯಲೋಕಾಧೀಶ್ವರನೆಂದು ಬಿರುದು ಧರಿಸಿ ಧಾರವಾಡದ ಬಯಲನ್ನು ತುಳಿಯುತ್ತಿದ್ದ. ಅವನ ಬೆನ್ನಟ್ಟಿದ ಕರ್ನಲ್ಲನಿಗೆ ಕುದುರೆ, ಫಿರಂಗಿಗಳಿದ್ದರೆ ಸಾಲದು, ಅಕ್ಕಿಯೂ ಬೇಕು. ಅಕ್ಕಿಗಾಗಿ ಅವನು ನೋಡಬೇಕಾದದ್ದು ಕನ್ನಡ ಜಿಲ್ಲೆಯ ಮೇಜರನ ಕಡೆಗೆ. ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದ. ಮರುದಿನವೇ ವೆಲ್ಲೆಸ್ಲಿ ಆ ಸುದ್ದಿಯನ್ನು ಮನ್ರೋಗೆ ಬರೆದು ತಿಳಿಸಿದ.

ಆದರೆ ನಮಗೆ ಮುಖ್ಯವಾದದ್ದು ಮೇಜರನ ಇನ್ನೊಂದು ಕೆಲಸ. ಮೇ 31ರಂದು, ಬಡ್ತಿಯ ತಿಂಗಳಿನಲ್ಲೇ, ಅವನು ಜಿಲ್ಲೆಯ ಭೂಕಂದಾಯದ ವರದಿಯನ್ನು ಬರೆದ. ಹಳೆಯ ಲೆಕ್ಕಪತ್ರಗಳನ್ನು ತಡಕಿ, ವಿಜಯನಗರದ ಹರಿಹರನ ಕಾಲದ ತೆರಿಗೆಯಿಂದ ಹಿಡಿದು ಬಿದನೂರಿನವರೂ ಹೈದರನೂ ಟಿಪ್ಪುವೂ ಏರಿಸಿದ್ದನ್ನು ಲೆಕ್ಕ ಹಾಕಿದ. ಇಲ್ಲಿಯ ಭೂಮಿ ಸರಕಾರದ್ದಲ್ಲ, ಒಕ್ಕಲಿನ ಸ್ವಂತದ್ದು ಎಂದ. ಕಂದಾಯ ತಗ್ಗಿಸಬೇಕೆಂದ. ಗೆದ್ದವರ ಪಾಳೆಯದಲ್ಲಿ ಕುಳಿತು ಗೆದ್ದ ನೆಲ ನಮ್ಮದಲ್ಲವೆಂದು ಬರೆಯುವುದು ಸಾಮಾನ್ಯವಲ್ಲ. ಕರ್ನಲ್ಲನ ವಿಜಯಕ್ಕಿಂತ ಈ ವರದಿಯೇ ದೊಡ್ಡದೆಂದು ನನಗೆ ತೋರುತ್ತದೆ.

ಕನ್ನಡ ಜಿಲ್ಲೆ ಮನ್ರೋಗೆ ಹಿಡಿಸಿರಲಿಲ್ಲ. ಆ ವರ್ಷದ ಕೊನೆಗೆ ಅವನು ಬಳ್ಳಾರಿ, ಕಡಪೆಗಳ ಸೀಮೆಗೆ ಹೊರಟುಹೋದ. ಲೆಫ್ಟೆನೆಂಟ್ ಕರ್ನಲ್ ಆಗಲು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ವೆಲ್ಲೆಸ್ಲಿಗೆ ಅದೇ ಮೆಟ್ಟಿಲು ಐದು ತಿಂಗಳಲ್ಲಿ ಸಿಕ್ಕಿತ್ತು. ಹುದ್ದೆಗಳ ಈ ಮಾರಾಟವನ್ನು ಬ್ರಿಟನ್ ನಿಲ್ಲಿಸಿದ್ದು 1871ರಲ್ಲಿ.