ಗೊರಸು ಸವರುವಿಕೆ (ದನಗಳಲ್ಲಿ)

ದನಗಳ ಅತಿಯಾಗಿ ಬೆಳೆದ ಗೊರಸನ್ನು ಕತ್ತರಿಸಿ ಸಮನಾದ ಆಕಾರಕ್ಕೆ ತರುವ ಪಶುಪಾಲನಾ ಕ್ರಮ. ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ಮೇಯಲು ಹೋಗುವ ದನಗಳಲ್ಲಿ ಅದು ನಡೆದಾಟದಿಂದಲೇ ಸವೆಯುತ್ತದೆ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಮಿಶ್ರತಳಿ ಹಸುಗಳಲ್ಲಿ ಸವೆತ ಸಾಲದೆ ತುದಿ ಉದ್ದವಾಗಿ ಮೇಲಕ್ಕೆ ಬಾಗುತ್ತದೆ.

ಪ್ರಯೋಜನ: ಸರಿಯಾಗಿ ಸವರಿದಾಗ ದೇಹದ ಭಾರ ಪಾದದ ಎರಡೂ ಗೊರಸುಗಳ ಮೇಲೆ ಸಮನಾಗಿ ಬೀಳುತ್ತದೆ. ಹಿಂಗಾಲಿನ ಹೊರಗೊರಸಿನಲ್ಲಿ ಹೆಚ್ಚಾಗಿ ಕಾಣುವ ಅಂಗಾಲಿನ ಹುಣ್ಣು, ಕುಂಟುತನ ತಗ್ಗುತ್ತವೆ. ಕುಂಟುವ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ.

ವಿಧಾನ: ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಐದು ಹಂತಗಳ ಕ್ರಮ ಪ್ರಸಿದ್ಧ. ಇದರಲ್ಲಿ ಮೊದಲು ಹಿಂಗಾಲಿನ ಒಳಗೊರಸಿನ ಮುಂಭಾಗವನ್ನು ಸುಮಾರು 7.5 ಸೆಂ.ಮೀ. ಉದ್ದಕ್ಕೆ ತಂದು, ಹೊರಗೊರಸನ್ನು ಅದಕ್ಕೆ ಸರಿದೂಗಿಸುತ್ತಾರೆ. ದೊಡ್ಡ ಮೈಕಟ್ಟಿನ ಹಸುಗಳಿಗೆ ಇನ್ನಷ್ಟು ಉದ್ದ ಉಳಿಸಬೇಕು.

ಅಪಾಯ: ಹೆಚ್ಚು ಕೆತ್ತಿದರೆ ಅಂಗಾಲು ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದಾಗ ಒಳಕ್ಕೆ ಬಗ್ಗುತ್ತದೆ, ಜೀವಂತ ಅಂಗಾಂಶಕ್ಕೆ ಗಾಯವಾಗಿ ರಕ್ತ ಒಸರಿ, ಸೋಂಕು ತಗಲುತ್ತದೆ. ತೊಳೆಯದ ಚಾಕು ರೋಗವನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ತುಂಬು ಗಬ್ಬದ ಹಸುವನ್ನು ಕೆಡವಿ ಕಟ್ಟುವುದು ಅಪಾಯಕರ. ಹಾಲು ಬತ್ತಿಸುವ ಹೊತ್ತಿನಲ್ಲಿ ಗೊರಸುಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಪಳಗಿದ ಕೈಯಿಂದ ಸವರಿಸುವುದು ಒಳಿತು.