ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲ

ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲ ಎಂಬುದು ಮಾತನಾಡುವ ಕ್ಷಣಕ್ಕಿಂತ ಹಿಂದೆ ನಡೆದ ಕ್ರಿಯೆಯನ್ನು ಅಥವಾ ಹಿಂದೆ ಇದ್ದ ಸ್ಥಿತಿಯನ್ನು ಸೂಚಿಸುವ ಕ್ರಿಯಾಪದದ ರೂಪವಾಗಿದೆ. ಶಾಲಾ ವ್ಯಾಕರಣ ಗ್ರಂಥಗಳು ಇದನ್ನು ಸಾಮಾನ್ಯ ಭೂತಕಾಲ, ಅಪೂರ್ಣ ಭೂತಕಾಲ, ಪೂರ್ಣ ಭೂತಕಾಲ ಹಾಗೂ ನಿರಂತರ ಪೂರ್ಣ ಭೂತಕಾಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಕ್ರಿಯೆ ಯಾವಾಗ ನಡೆಯಿತು ಎಂಬುದರ ಜೊತೆಗೆ, ಅದು ಆಗ ಮುಗಿದಿತ್ತೇ ಅಥವಾ ಇನ್ನೂ ನಡೆಯುತ್ತಲಿತ್ತೇ ಎಂಬುದನ್ನೂ ಈ ರೂಪಗಳು ತಿಳಿಸುತ್ತವೆ. ಆದ್ದರಿಂದ ಒಂದು ರೂಪದ ಬದಲು ಇನ್ನೊಂದನ್ನು ಬಳಸಿದರೆ ವಾಕ್ಯದ ಅರ್ಥವೇ ಬೇರೆಯಾಗಬಹುದು.

ಅರ್ಥವ್ಯತ್ಯಾಸ

ಕೆಳಗಿನ ಮೂರು ವಾಕ್ಯಗಳನ್ನು ಹೋಲಿಸಬಹುದು.

* ವೆನ್ ದ ಪೊಲೀಸ್ ಅರೈವ್ಡ್, ದ ಥೀಫ್ ರ್‍ಯಾನ್ ಅವೇ. (ಪೊಲೀಸರು ಬಂದಾಗ ಕಳ್ಳನು ಓಡಿಹೋದನು.)
* ವೆನ್ ದ ಪೊಲೀಸ್ ಅರೈವ್ಡ್, ದ ಥೀಫ್ ವಾಸ್ ರನಿಂಗ್ ಅವೇ. (ಪೊಲೀಸರು ಬಂದಾಗ ಕಳ್ಳನು ಓಡಿಹೋಗುತ್ತಿದ್ದನು.)
* ವೆನ್ ದ ಪೊಲೀಸ್ ಅರೈವ್ಡ್, ದ ಥೀಫ್ ಹ್ಯಾಡ್ ರನ್ ಅವೇ. (ಪೊಲೀಸರು ಬಂದಾಗ ಕಳ್ಳನು ಓಡಿಹೋಗಿದ್ದನು.)

ಮೊದಲನೆಯದರಲ್ಲಿ ಪೊಲೀಸರ ಆಗಮನದ ನಂತರ ಕಳ್ಳನು ಓಡಿದನು. ಎರಡನೆಯದರಲ್ಲಿ ಅವರು ಬರುವ ಹೊತ್ತಿಗೆ ಓಟ ನಡೆದೇ ಇತ್ತು. ಮೂರನೆಯದರಲ್ಲಿ ಅವರು ಬರುವ ಮೊದಲೇ ಕಳ್ಳನು ಕಣ್ಮರೆಯಾಗಿದ್ದನು. ನ್ಯಾಯಾಲಯದ ಹೇಳಿಕೆಯೊಂದರಲ್ಲಿ ಈ ಮೂರಕ್ಕೂ ಬೇರೆ ಬೇರೆ ಪರಿಣಾಮವಿರುತ್ತದೆ. ಮೂರನೆಯ ವಾಕ್ಯವು ನಿಜವಾದರೆ ಪೊಲೀಸರು ಕಳ್ಳನನ್ನು ಅಲ್ಲಿ ಕಂಡಿರಲು ಸಾಧ್ಯವಿಲ್ಲ.

ವಿಧಗಳು

ಸಾಮಾನ್ಯ ಭೂತಕಾಲ

ಹಿಂದಿನ ನಿರ್ದಿಷ್ಟ ಸಮಯದಲ್ಲಿ ನಡೆದು ಮುಗಿದ ಕ್ರಿಯೆಯನ್ನು ಇದು ಹೇಳುತ್ತದೆ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಇಯರ್ಸ್ ಅಗೋ ಮುಂತಾದ ಕಾಲಸೂಚಕಗಳು ವಾಕ್ಯದಲ್ಲಿದ್ದಾಗ ಸಾಮಾನ್ಯವಾಗಿ ಈ ರೂಪವೇ ಬರುತ್ತದೆ. ಉದಾಹರಣೆ: 'ಶಿ ರೋಟ್ ಎ ಲೆಟರ್ ಯೆಸ್ಟರ್‌ಡೇ'. ಕಥೆ ಮತ್ತು ಇತಿಹಾಸದ ನಿರೂಪಣೆಯ ಮುಖ್ಯ ರೂಪವೂ ಇದೇ ಆಗಿದೆ.

ಅಪೂರ್ಣ ಭೂತಕಾಲ

ಹಿಂದಿನ ಒಂದು ಕ್ಷಣದಲ್ಲಿ ನಡೆಯುತ್ತಲಿದ್ದ ಕ್ರಿಯೆಯನ್ನು 'ವಾಸ್' ಅಥವಾ 'ವರ್' ಎಂಬುದರ ಮುಂದೆ '-ಇಂಗ್' ಪ್ರತ್ಯಯವುಳ್ಳ ರೂಪವನ್ನು ಇಟ್ಟು ಹೇಳಲಾಗುತ್ತದೆ. ದೀರ್ಘವಾದ ಕ್ರಿಯೆಯ ನಡುವೆ ಇನ್ನೊಂದು ಕ್ರಿಯೆ ಸಂಭವಿಸಿದಾಗ ಇದರ ಬಳಕೆ ಹೆಚ್ಚು: 'ಐ ವಾಸ್ ರೀಡಿಂಗ್ ವೆನ್ ದ ಲೈಟ್ಸ್ ವೆಂಟ್ ಔಟ್'.

ಪೂರ್ಣ ಭೂತಕಾಲ

ಹಿಂದಿನ ಒಂದು ಘಟನೆಗಿಂತಲೂ ಮೊದಲೇ ಮುಗಿದಿದ್ದ ಕ್ರಿಯೆಯನ್ನು ಇದು ಸೂಚಿಸುತ್ತದೆ. 'ಹ್ಯಾಡ್' ಎಂಬುದರ ಮುಂದೆ ಕ್ರಿಯಾಪದದ ಮೂರನೆಯ ರೂಪ, ಅಂದರೆ ಭೂತಕೃದಂತ, ಬರುತ್ತದೆ. ಈ ಕಾಲಕ್ಕೆ ಹೋಲಿಕೆಯ ಬಿಂದುವೊಂದು ಬೇಕು. ಅದು ಅದೇ ವಾಕ್ಯದಲ್ಲಿ ಇರಬಹುದು ಅಥವಾ ಸಂದರ್ಭದಿಂದ ತಿಳಿಯುವಂತಿರಬಹುದು. ಆಫ್ಟರ್, ಬಿಫೋರ್ ಮುಂತಾದ ಪದಗಳೇ ಘಟನೆಗಳ ಅನುಕ್ರಮವನ್ನು ಸ್ಪಷ್ಟಪಡಿಸಿದಾಗ ಸಾಮಾನ್ಯ ಭೂತಕಾಲವೂ ಸಾಕಾಗುತ್ತದೆ.

ನಿರಂತರ ಪೂರ್ಣ ಭೂತಕಾಲ

ಹಿಂದಿನ ಒಂದು ಘಟ್ಟದವರೆಗೆ ಕೆಲಕಾಲ ನಡೆದುಬಂದ ಕ್ರಿಯೆಗೆ 'ಹ್ಯಾಡ್ ಬೀನ್' ಸೇರಿಸಲಾಗುತ್ತದೆ: 'ದೇ ಹ್ಯಾಡ್ ಬೀನ್ ವೇಟಿಂಗ್ ಫಾರ್ ಟೂ ಅವರ್ಸ್ ವೆನ್ ದ ಬಸ್ ಕೇಮ್'. ಬಸ್ಸು ಬರುವ ಹೊತ್ತಿಗೆ ಅವರು ಎರಡು ಗಂಟೆಗಳಿಂದ ಕಾಯುತ್ತಿದ್ದರು ಎಂಬುದು ಇದರ ಅರ್ಥ.

ರೂಢಿಯನ್ನು ಹೇಳುವ ರೂಪ

ಹಿಂದೆ ರೂಢಿಯಲ್ಲಿದ್ದು ಈಗ ನಿಂತುಹೋದ ಅಭ್ಯಾಸವನ್ನು 'ಯೂಸ್ಡ್ ಟು' ಎಂಬುದರಿಂದ ಹೇಳಬಹುದು. 'ವುಡ್' ಕೂಡ ಪುನರಾವರ್ತಿತ ಕ್ರಿಯೆಗೆ ಬಳಕೆಯಾಗುತ್ತದೆ. ಆದರೆ ಸ್ಥಿತಿಯನ್ನು ಹೇಳುವಾಗ ಅದು ಸಲ್ಲದು. 'ದೇರ್ ಯೂಸ್ಡ್ ಟು ಬಿ ಎ ಟ್ಯಾಂಕ್ ಹಿಯರ್' ಎನ್ನಬಹುದೇ ಹೊರತು ಅಲ್ಲಿ 'ವುಡ್' ಹಾಕುವಂತಿಲ್ಲ.

ರೂಪ ಮತ್ತು ಉಚ್ಚಾರಣೆ

ಹೆಚ್ಚಿನ ಇಂಗ್ಲಿಷ್ ಕ್ರಿಯಾಪದಗಳು 'ಇ' ಮತ್ತು 'ಡಿ' ಅಕ್ಷರಗಳ ಪ್ರತ್ಯಯವನ್ನು ಪಡೆದು ಭೂತಕಾಲದ ರೂಪ ತಾಳುತ್ತವೆ. ಬರಹದಲ್ಲಿ ಒಂದೇ ಆಗಿರುವ ಈ ಪ್ರತ್ಯಯಕ್ಕೆ ಮೂರು ಉಚ್ಚಾರಣೆಗಳಿವೆ.

* ಅಘೋಷ ಧ್ವನಿಯ ನಂತರ 'ಟ್': ವಾಕ್ಟ್, ವಾಷ್ಟ್, ಹೆಲ್ಪ್ಟ್.
* ಘೋಷ ಧ್ವನಿಯ ನಂತರ 'ಡ್': ಕಾಲ್ಡ್, ಪ್ಲೇಡ್, ಲಿವ್ಡ್.
* 'ಟ್' ಅಥವಾ 'ಡ್' ಧ್ವನಿಯ ನಂತರ 'ಇಡ್': ವಾಂಟಿಡ್, ನೀಡಿಡ್.

ಎಲ್ಲ ಪದಗಳನ್ನೂ 'ಎಡ್' ಎಂದು ಮುಗಿಸಿ 'ವಾಕೆಡ್', 'ವಾಷೆಡ್' ಎಂದು ಓದುವುದು ಸರಿಯಲ್ಲ.

ಕನ್ನಡದ 'ಬರು-ಬಂದನು', 'ಸಾಯು-ಸತ್ತನು' ಎಂಬಂತೆ ಇಂಗ್ಲಿಷಿನಲ್ಲಿಯೂ ಸಾಮಾನ್ಯ ನಿಯಮಕ್ಕೆ ಒಳಪಡದ ಕ್ರಿಯಾಪದಗಳಿವೆ. ಇವುಗಳಲ್ಲಿ ಕೆಲವು ಒಳಗಿನ ಸ್ವರವನ್ನು ಬದಲಿಸುತ್ತವೆ: ಸಿಂಗ್-ಸ್ಯಾಂಗ್-ಸಂಗ್. ಕೆಲವು ಬದಲಾಗುವುದೇ ಇಲ್ಲ: ಕಟ್-ಕಟ್-ಕಟ್. 'ಓದು' ಎಂಬರ್ಥದ 'ರೀಡ್' ಪದವು ಭೂತಕಾಲದಲ್ಲಿ ಬರಹದಲ್ಲಿ ಹಾಗೆಯೇ ಉಳಿದು ಉಚ್ಚಾರಣೆಯಲ್ಲಿ ಮಾತ್ರ 'ರೆಡ್' ಆಗುತ್ತದೆ. 'ಮಲಗು' ಎಂಬರ್ಥದ ಲೈ-ಲೇ-ಲೇನ್ ಹಾಗೂ 'ಇಡು' ಎಂಬರ್ಥದ ಲೇ-ಲೇಡ್-ಲೇಡ್ ಇವೆರಡನ್ನು ಇಂಗ್ಲಿಷ್ ಮಾತೃಭಾಷೆಯವರೂ ಪರಸ್ಪರ ಬೆರೆಸುವುದುಂಟು.

ಇತಿಹಾಸ

ಇಂಗ್ಲಿಷ್ ಜರ್ಮ್ಯಾನಿಕ್ ಭಾಷಾವರ್ಗಕ್ಕೆ ಸೇರಿದೆ. ಈ ವರ್ಗದ ಭಾಷೆಗಳಲ್ಲಿ ಸ್ವರವ್ಯತ್ಯಾಸದಿಂದ ಭೂತಕಾಲವನ್ನು ತೋರಿಸುವ ಕ್ರಿಯಾಪದಗಳನ್ನು ಪ್ರಬಲ ಎಂದೂ, ಪ್ರತ್ಯಯದಿಂದ ತೋರಿಸುವವುಗಳನ್ನು ದುರ್ಬಲ ಎಂದೂ ಕರೆಯುತ್ತಾರೆ. ಈ ಹೆಸರುಗಳನ್ನು ಬಳಕೆಗೆ ತಂದವನು ಜರ್ಮನ್ ವಿದ್ವಾಂಸ ಜೇಕಬ್ ಗ್ರಿಮ್.

'ಗೋ' ಕ್ರಿಯಾಪದದ ಭೂತರೂಪವಾದ 'ವೆಂಟ್' ಮೂಲತಃ 'ವೆಂಡ್' ಎಂಬ ಬೇರೊಂದು ಕ್ರಿಯಾಪದದ ರೂಪವಾಗಿತ್ತು. ಶತಮಾನಗಳ ಅವಧಿಯಲ್ಲಿ ಅನೇಕ ಪ್ರಬಲ ಕ್ರಿಯಾಪದಗಳು ಸಾಮಾನ್ಯ ನಿಯಮಕ್ಕೆ ಒಳಪಟ್ಟವು. 'ಹೆಲ್ಪ್' ಪದಕ್ಕೆ ಹಿಂದೆ ಇದ್ದ 'ಹೋಲ್ಪ್' ಎಂಬ ರೂಪ ಮರೆಯಾಯಿತು. 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಾಚೀನ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಪರಿಶೀಲಿಸಿ, ಅವುಗಳಲ್ಲಿ 98 ಮಾತ್ರ ಇಂದಿಗೂ ಅನಿಯಮಿತವಾಗಿ ಉಳಿದಿವೆ ಎಂದು ತೋರಿಸಿತು. ಬಳಕೆ ಕಡಿಮೆಯಾದಷ್ಟೂ ಪದವು ಬೇಗ ನಿಯಮಕ್ಕೆ ಒಳಪಡುತ್ತದೆ ಎಂಬುದು ಅದರ ಮುಖ್ಯ ನಿರ್ಣಯ. ನಿತ್ಯ ಬಳಸುವ ಬಿ, ಹ್ಯಾವ್, ಡೂ, ಗೋ, ಸೇ ಮುಂತಾದವು ಅನಿಯಮಿತವಾಗಿಯೇ ಉಳಿದಿರುವುದಕ್ಕೆ ಇದೇ ಕಾರಣ. ವಿರುದ್ಧ ದಿಕ್ಕಿನ ಬದಲಾವಣೆಯೂ ಅಪರೂಪಕ್ಕೆ ಕಂಡುಬರುತ್ತದೆ. 'ಡೈವ್' ಪದಕ್ಕೆ ಉತ್ತರ ಅಮೆರಿಕದಲ್ಲಿ 'ಡೋವ್' ಎಂಬ ರೂಪ ಬೆಳೆದುಬಂದಿದೆ.

ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ಕೂಡ 'ಗೋಡ್', 'ಕಮ್ಡ್' ಎನ್ನುವ ಹಂತವನ್ನು ದಾಟಿ ಬರುತ್ತಾರೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೋ ಅವರು ಮಕ್ಕಳಿಗೆ ಅರ್ಥವಿಲ್ಲದ ಹೊಸ ಕ್ರಿಯಾಪದಗಳನ್ನು ಕೊಟ್ಟು ಪರೀಕ್ಷಿಸಿ, ಅವರು ಕೇಳಿದ ರೂಪಗಳನ್ನಷ್ಟೇ ಒಪ್ಪಿಸದೆ ನಿಯಮವನ್ನೇ ಗ್ರಹಿಸಿರುತ್ತಾರೆಂದು ತೋರಿಸಿದರು.

ಕನ್ನಡ ಭಾಷಿಕರಿಗೆ ಎದುರಾಗುವ ತೊಡಕುಗಳು

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳ ಹಲವು ತಪ್ಪುಗಳಿಗೆ ಅಜಾಗರೂಕತೆಯಲ್ಲ, ಎರಡು ಭಾಷೆಗಳ ರಚನೆಯಲ್ಲಿನ ವ್ಯತ್ಯಾಸವೇ ಕಾರಣ.

* 'ಹ್ಯಾಡ್' ಪದದ ಅತಿಬಳಕೆ: 'ನಿನ್ನೆ ಮೈಸೂರಿಗೆ ಹೋಗಿದ್ದೆ' ಎಂಬುದು ಸಹಜವಾದ ಕನ್ನಡ. ಇದನ್ನು ಪದಶಃ ಅನುವಾದಿಸಿ 'ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ' ಎಂದರೆ, ಕೇಳುವವನು ಅದರ ನಂತರ ನಡೆದ ಇನ್ನೊಂದು ಘಟನೆಯನ್ನು ನಿರೀಕ್ಷಿಸುತ್ತಾನೆ. 'ಐ ವೆಂಟ್' ಎಂದರೆ ಸಾಕು.
* 'ಹ್ಯಾವ್' ಜೊತೆಗೆ ಕಳೆದ ದಿನದ ಉಲ್ಲೇಖ: 'ನಿನ್ನೆ ಅವರನ್ನು ನೋಡಿದ್ದೇನೆ' ಎಂದು ಕನ್ನಡದಲ್ಲಿ ಹೇಳಬಹುದು. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂಬುದು ತಪ್ಪು. 'ಐ ಸಾ ಹಿಮ್ ಯೆಸ್ಟರ್‌ಡೇ' ಎಂಬುದು ಸರಿ.
* 'ಹತ್ತು ವರ್ಷಗಳಿಂದ': 'ಐ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್' ಎಂದರೆ ಈಗ ಆ ಕೆಲಸದಲ್ಲಿಲ್ಲ ಎಂದು ಸಾಮಾನ್ಯವಾಗಿ ಅರ್ಥವಾಗುತ್ತದೆ. ಈಗಲೂ ಇದ್ದರೆ 'ಐ ಹ್ಯಾವ್ ವರ್ಕ್ಡ್' ಎನ್ನಬೇಕು. ಉದ್ಯೋಗದ ಅರ್ಜಿಯಲ್ಲಿ ಈ ವ್ಯತ್ಯಾಸವು ಮಹತ್ವದ್ದು.
* ಒಂದು ಕನ್ನಡ ರೂಪಕ್ಕೆ ಎರಡು ಇಂಗ್ಲಿಷ್ ರೂಪಗಳು: 'ಹೋಗುತ್ತಿದ್ದೆ' ಎಂಬುದು ಆ ಕ್ಷಣದಲ್ಲಿ ನಡೆಯುತ್ತಿದ್ದ ಕ್ರಿಯೆಯನ್ನೂ ದಿನನಿತ್ಯದ ರೂಢಿಯನ್ನೂ ಹೇಳುತ್ತದೆ. 'ಚಿಕ್ಕಂದಿನಲ್ಲಿ ಕೆರೆಗೆ ಹೋಗುತ್ತಿದ್ದೆ' ಎಂಬುದಕ್ಕೆ 'ವಾಸ್ ಗೋಯಿಂಗ್' ಸಲ್ಲದು, 'ಯೂಸ್ಡ್ ಟು ಗೋ' ಎಂದಾಗಬೇಕು.
* ಸ್ಥಿತಿವಾಚಕ ಕ್ರಿಯಾಪದಗಳು: ನೋ, ಬಿಲೀವ್, ಬಿಲಾಂಗ್ ಮುಂತಾದವುಗಳಿಗೆ ಸಾಮಾನ್ಯವಾಗಿ '-ಇಂಗ್' ಸೇರುವುದಿಲ್ಲ. 'ಶಿ ವಾಸ್ ನೋಯಿಂಗ್' ಅಲ್ಲ, 'ಶಿ ನ್ಯೂ'.
* ನಿಷೇಧ ಮತ್ತು ಪ್ರಶ್ನೆ: 'ಡಿಡ್' ಬಂದಾಗ ಭೂತಕಾಲದ ಸೂಚನೆ ಅದರಲ್ಲಿಯೇ ಇರುವುದರಿಂದ ಮುಖ್ಯ ಕ್ರಿಯಾಪದವು ಮೂಲರೂಪದಲ್ಲಿರುತ್ತದೆ. 'ಡಿಡ್ ನಾಟ್ ವೆಂಟ್' ತಪ್ಪು, 'ಡಿಡ್ ನಾಟ್ ಗೋ' ಸರಿ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ: 'ಹೋದೆ' ಎಂಬುದು ನಿಷೇಧದಲ್ಲಿ 'ಹೋದಲಿಲ್ಲ' ಆಗದೆ 'ಹೋಗಲಿಲ್ಲ' ಆಗುತ್ತದೆ.
* ಪರರ ಮಾತಿನ ವರದಿ: ಕನ್ನಡದಲ್ಲಿ 'ಎಂದು' ಬಳಸಿ ಮೂಲದ ಮಾತನ್ನು ಹಾಗೆಯೇ ಇಡಬಹುದು: 'ಬರುತ್ತೇನೆ ಎಂದನು'. ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ಒಳವಾಕ್ಯದ ಪುರುಷವೂ ಕಾಲವೂ ಬದಲಾಗುತ್ತವೆ: 'ಹಿ ಸೆಡ್ ದಟ್ ಹಿ ವುಡ್ ಕಮ್'. ನಿತ್ಯಸತ್ಯವನ್ನು ವರದಿಮಾಡುವಾಗ ವರ್ತಮಾನವನ್ನು ಉಳಿಸಿಕೊಳ್ಳಬಹುದು.

ಭೂತಕಾಲವನ್ನು ಸೂಚಿಸದ ಭೂತರೂಪ

ಇಂಗ್ಲಿಷಿನಲ್ಲಿ ಭೂತರೂಪವು ಯಾವಾಗಲೂ ಕಳೆದ ಕಾಲವನ್ನೇ ಹೇಳುವುದಿಲ್ಲ. 'ಇಫ್ ಐ ನ್ಯೂ ಹಿಸ್ ಅಡ್ರೆಸ್, ಐ ವುಡ್ ರೈಟ್ ಟು ಹಿಮ್' ಎಂಬಲ್ಲಿ 'ನ್ಯೂ' ಎಂಬುದು ಈಗ ವಿಳಾಸ ತಿಳಿದಿಲ್ಲವೆಂಬುದನ್ನು ಸೂಚಿಸುತ್ತದೆ. ಕನ್ನಡದಲ್ಲಿಯೂ 'ನಾಳೆ ಮಳೆ ಬಂದರೆ' ಎಂಬಲ್ಲಿನ 'ಬಂದರೆ' ಪದವು ಭೂತಕಾಲದ ಅಂಗದಿಂದಲೇ ಆಗಿದ್ದರೂ ಮುಂದಿನ ಮಾತನ್ನು ಹೇಳುತ್ತದೆ. 'ಕುಡ್ ಯು ಹೆಲ್ಪ್ ಮಿ' ಎಂಬಂಥ ವಿನಯದ ಕೋರಿಕೆಗಳಲ್ಲಿಯೂ ಭೂತರೂಪ ಬರುತ್ತದೆ.

ಪ್ರಾದೇಶಿಕ ವ್ಯತ್ಯಾಸಗಳು

ಬ್ರಿಟಿಷ್ ಇಂಗ್ಲಿಷಿನಲ್ಲಿ ಲರ್ನ್ಟ್, ಬರ್ನ್ಟ್ ಮುಂತಾದ ರೂಪಗಳು ಬಳಕೆಯಲ್ಲಿದ್ದರೆ, ಅಮೆರಿಕದಲ್ಲಿ ಲರ್ನ್ಡ್, ಬರ್ನ್ಡ್ ಎಂಬವು ಹೆಚ್ಚು ಪ್ರಚಲಿತ. 'ಗೆಟ್' ಪದದ ಭೂತಕೃದಂತವಾಗಿ ಅಮೆರಿಕನ್ನರು 'ಗಾಟನ್' ಎಂಬುದನ್ನೂ ಬಳಸುತ್ತಾರೆ. ಬ್ರಿಟಿಷರು 'ಐ ಹ್ಯಾವ್ ಆಲ್ರೆಡಿ ಈಟನ್' ಎನ್ನುವಲ್ಲಿ ಅಮೆರಿಕನ್ನರು 'ಐ ಆಲ್ರೆಡಿ ಏಟ್' ಎನ್ನುವುದುಂಟು. ಎರಡೂ ಪದ್ಧತಿಗಳು ಶುದ್ಧವೇ ಆಗಿವೆ. ಒಂದೇ ಬರಹದಲ್ಲಿ ಅವುಗಳನ್ನು ಬೆರೆಸದಿರುವುದು ಉಚಿತ.

ಇವನ್ನೂ ನೋಡಿ

* ಕ್ರಿಯಾಪದ
* ಕನ್ನಡ ವ್ಯಾಕರಣ
* ಇಂಗ್ಲಿಷ್ ಭಾಷೆ