ಕವಡೆ

ಯಾರನ್ನಾದರೂ ತೀರ ಹೀಗಳೆಯಬೇಕಾದರೆ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂದುಬಿಡುತ್ತೇವೆ. ಸಂಸ್ಕೃತದ ಕಪರ್ದ ಪ್ರಾಕೃತದಲ್ಲಿ ಕವಡ್ಡವಾಯಿತು. ನಮಗೆ ಅದು ಕವಡೆ, ಹಿಂದಿಯವರಿಗೆ ಕೌಡಿ. ಕವಡೆಯ ಹಾಗೆ ಜಟೆಯನ್ನು ಸುರುಳಿ ಸುತ್ತಿದ ಶಿವನೂ ಕಪರ್ದಿಯೇ. ಮಾತಿನಲ್ಲಿರುವ ತಾತ್ಸಾರ ಮಾತ್ರ ಲೆಕ್ಕದಿಂದ ಬಂದದ್ದು. ಭಾಸ್ಕರಾಚಾರ್ಯರ ‘ಲೀಲಾವತಿ’ಯ ಕೋಷ್ಟಕದಲ್ಲಿ 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. ಅಲ್ಲಿ ಕವಡೆಗಿಂತ ಕೆಳಗೆ ಇನ್ನೊಂದು ನಾಣ್ಯವಿಲ್ಲ.

ಈ ಚಿಲ್ಲರೆಯಿಂದ ಮನುಷ್ಯರನ್ನೂ ಕೊಂಡರು. ಮಾಲ್ಡೀವ್ಸಿನ ಕವಡೆ ಬಂಗಾಳಕ್ಕೆ ಹೋಗಿ ಅಕ್ಕಿಯಾಗಿ ಮರಳುತ್ತಿದ್ದುದನ್ನು 14ನೇ ಶತಮಾನದಲ್ಲೇ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಆಮೇಲೆ ಡಚ್ಚರು, ಇಂಗ್ಲಿಷರು ಅದನ್ನು ಹಡಗಿನ ತಳದ ಭಾರವಾಗಿ ತುಂಬಿಕೊಂಡು ಆಮ್‌ಸ್ಟರ್‌ಡ್ಯಾಂ, ಲಂಡನ್‌ಗಳಲ್ಲಿ ಹರಾಜು ಹಾಕಿದರು. ಅಲ್ಲಿಂದ ಮೂಟೆಗಳು ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೊರಟವು. ಅಲ್ಲಿ 40 ಕವಡೆ ಪೋಣಿಸಿದರೆ ಒಂದು ಸರ, 20,000 ಸೇರಿದರೆ ಒಂದು ಚೀಲ. ಆ ಚೀಲಗಳನ್ನು ಎಣಿಸಿಕೊಟ್ಟು ಗಂಡಸರು, ಹೆಂಗಸರು, ಮಕ್ಕಳನ್ನು ಹಡಗಿಗೆ ಹತ್ತಿಸಿದರು. ಘಾನಾದ ಇಂದಿನ ನಾಣ್ಯ ‘ಸೆಡಿ’ಯ ಹೆಸರೂ ಅಕಾನ್ ಭಾಷೆಯಲ್ಲಿ ಕವಡೆಯದೇ.

ಹಾಗೆ ಹಡಗು ಹತ್ತಿದವರಲ್ಲಿ ಅನೇಕರು ಇಳಿದ ಬಾರ್ಬಡೋಸ್ ದ್ವೀಪದ ನ್ಯೂಟನ್ ಕಬ್ಬಿನ ತೋಟದಲ್ಲಿ ಗುಲಾಮರ ಸ್ಮಶಾನವೊಂದಿದೆ. 1970ರ ದಶಕದ ಆರಂಭದಲ್ಲಿ ಸಂಶೋಧಕರಾದ ಜೆರೋಮ್ ಹ್ಯಾಂಡ್ಲರ್ ಮತ್ತು ಫ್ರೆಡರಿಕ್ ಲ್ಯಾಂಗ್ ಅದನ್ನು ಅಗೆದರು. ತೋಟದ ಕಡತಗಳು ಲಂಡನ್ನಿನಲ್ಲಿವೆ. 1796ರಲ್ಲಿ ವ್ಯವಸ್ಥಾಪಕ ಬರೆಸಿದ ಗುಲಾಮರ ಪಟ್ಟಿಯೂ ಅವುಗಳಲ್ಲಿದೆ. ಹೆಸರು, ವಯಸ್ಸು, ಮಾಡುವ ಕೆಲಸ: ಆಳಿನ ಬಗ್ಗೆ ಧಣಿಗೆ ತಿಳಿಯಬೇಕಾದದ್ದು ಅಷ್ಟೇ. ಅದಕ್ಕೂ ಸುಮಾರು ನೂರು ವರ್ಷ ಮೊದಲು ತೀರಿಕೊಂಡ, ಅಗೆತದ ದಾಖಲೆಯಲ್ಲಿ ‘72ನೇ ಸಮಾಧಿ’ ಎಂದಷ್ಟೇ ಗುರುತಾದ ಒಬ್ಬ ಹಿರಿಯ ಗಂಡಸಿಗೆ ಆ ಹೆಸರೂ ಉಳಿದಿಲ್ಲ. ಉಳಿದದ್ದು ಅವನ ಕೊರಳ ಸರ. ಏಳು ಕವಡೆ, ನಾಯಿಯ ತೂತು ಕೊರೆದ 21 ಕೋರೆಹಲ್ಲು, ಗಾಜಿನ ಮಣಿಗಳು, ಮೀನಿನ ಬೆನ್ನುಮೂಳೆಯ ತುಂಡುಗಳು, ಒಂದು ದೊಡ್ಡ ಕೆಂಪು ಕಲ್ಲಿನ ಮಣಿ. ಆ ಮಣಿ ಬಹುಮಟ್ಟಿಗೆ ಗುಜರಾತಿನ ಖಂಭಾತಿನದು. ಕೈಗೆ ಲೋಹದ ಬಳೆ, ಜೊತೆಯಲ್ಲಿ ಆಫ್ರಿಕಾ ಬಗೆಯ ಮಣ್ಣಿನ ಚಿಲುಮೆ.

ಈತ ಮದ್ದು ಕೊಡುವ, ಕಣಿ ಹೇಳುವ ಮನುಷ್ಯನಾಗಿದ್ದಿರಬೇಕು ಎನ್ನುತ್ತಾರೆ ಹ್ಯಾಂಡ್ಲರ್. ನಮಗೆ ಇದು ತಟ್ಟನೆ ಅರ್ಥವಾಗಬೇಕು: ಸವದತ್ತಿಯ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆ ಸರ ಕಂಡವರು, ಕವಡೆ ಬಿಟ್ಟು ಶಕುನ ಕೇಳಿದವರು ನಾವು. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಆ ತೋಟದ ಜನಕ್ಕೆ ತಮ್ಮ ಮೈಯೂ ಸ್ವಂತದ್ದಲ್ಲ. ಸರವನ್ನೋ ಬಳೆಯನ್ನೋ ಬಿಚ್ಚಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಒಂದನ್ನೂ ಬಿಚ್ಚದೆ ಅವನನ್ನು ಮಣ್ಣು ಮಾಡಿದರು.